ಸೊನ್ನಲಿಗೆಯ ಪ್ರಶ್ನೆ

ತುಮಕೂರು, ಗುಬ್ಬಿ ಸೀಮೆಯ ನೊಳಂಬ ವೀರಶೈವರು ಮಕರ ಸಂಕ್ರಾಂತಿಯ ಸಂದರ್ಭದಲ್ಲಿ ಶ್ರೀ ಗುರು ಸಿದ್ಧರಾಮೇಶ್ವರರ ಜಯಂತಿಯನ್ನು ಭಕ್ತಿಯಿಂದ ಆಚರಿಸುತ್ತಾರೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭುವು ಎದುರುಗೊಂಡ ಪ್ರಸಂಗವಿದೆ. ಆ ಪ್ರಸಂಗದ ಸೊನ್ನಲಿಗೆಯೇ ಮಹಾರಾಷ್ಟ್ರದ ಸೊಲ್ಲಾಪುರ. ಕನ್ನಡ ವಚನಕಾರನ ಊರು ಗಡಿಯ ಆಚೆ ಉಳಿದುದೇಕೆಂಬುದನ್ನು ಜಯಂತಿಯ ಸಭೆಗಳಲ್ಲಿ ಯಾರೂ ಹೆಚ್ಚಾಗಿ ವಿವರಿಸುವುದಿಲ್ಲ.

ಪುಣ್ಯಕ್ಷೇತ್ರವೊಂದು ರಾಜಕೀಯ ವಿವಾದಕ್ಕೆ ಸಿಲುಕಿದುದು ಹೊಸ ಸಂಗತಿಯಲ್ಲ. ಜೆರುಸಲೇಮನ್ನು ಅಂತರರಾಷ್ಟ್ರೀಯ ಆಡಳಿತಕ್ಕೆ ಒಪ್ಪಿಸಬೇಕೆಂದು ವಿಶ್ವಸಂಸ್ಥೆ 1947ರಲ್ಲಿ ನಿರ್ಣಯಿಸಿತು. 1948ರ ಯುದ್ಧ ಅದನ್ನು ಇಬ್ಭಾಗವಾಗಿಸಿತು. ಸೊಲ್ಲಾಪುರದ ನಡುವೆ ಯಾವ ಗೋಡೆಯೂ ಏಳಲಿಲ್ಲ. ಅಲ್ಲಿ ವಿಭಜನೆಗೊಂಡದ್ದು ನೆಲವಲ್ಲ, ಹಕ್ಕಿನ ಭಾವನೆ.

ಬ್ರಿಟಿಷರ ಕಾಲದಲ್ಲಿ ಈ ನಗರ ಮುಂಬಯಿ ಪ್ರಾಂತದಲ್ಲಿತ್ತು. ನೇಯ್ಗೆಯ ಉದ್ಯಮ ತೆಲುಗು ನೇಕಾರರನ್ನು ಕರೆತಂದಿತು. ಮರಾಠಿ, ಕನ್ನಡ, ಉರ್ದು ಒಂದೇ ಬೀದಿಯಲ್ಲಿ ಕೇಳಿಬಂದವು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಇಲ್ಲಿಯೇ ಜರುಗಿತು. ಆದರೆ 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಬಂದಾಗ ಸೊಲ್ಲಾಪುರ ಮುಂಬಯಿಯಲ್ಲಿಯೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು.

1966ರಲ್ಲಿ ನೇಮಕಗೊಂಡ ಮಹಾಜನ್ ಆಯೋಗವು ಮರುವರ್ಷ ವರದಿ ನೀಡಿತು. ಬೆಳಗಾವಿ ಮೈಸೂರಿನಲ್ಲಿಯೇ ಉಳಿಯಬೇಕು, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಬೇಕು, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಪ್ರದೇಶಗಳು ಮೈಸೂರಿಗೆ ಬರಬೇಕು ಎಂಬುದು ಅದರ ಸಾರ. ಆಯೋಗವನ್ನು ಒತ್ತಾಯಿಸಿ ಪಡೆದ ಮಹಾರಾಷ್ಟ್ರವೇ ವರದಿಯನ್ನು ತಿರಸ್ಕರಿಸಿ, 2004ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. 2022ರಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿಗಳು ಸೊಲ್ಲಾಪುರ, ಅಕ್ಕಲಕೋಟೆಗಳು ಕರ್ನಾಟಕಕ್ಕೆ ಸೇರಬೇಕೆಂದಾಗ ಮಾತು ಮತ್ತೆ ಕಾವೇರಿತು.

ಗಡಿಯ ಹಳ್ಳಿಗಳಿಗೆ ಭಾಷೆಯ ಅಳತೆಗೋಲು ಸಲ್ಲಬಹುದು. ಬಹುಭಾಷೆಯ ನಗರಕ್ಕೆ ಅದು ಸುಲಭವಾಗಿ ಸಲ್ಲದು. ಪಾವಿತ್ರ್ಯವನ್ನೇ ಆಧಾರವಾಗಿಟ್ಟರೆ ತೊಡಕು ಇನ್ನೂ ಹೆಚ್ಚು. ಅದೇ ಜಿಲ್ಲೆಯ ಪಂಢರಪುರದ ವಿಠ್ಠಲನನ್ನು ಮರಾಠಿಯ ಸಂತ ಜ್ಞಾನೇಶ್ವರರೇ ಕನ್ನಡಿಗನೆಂದು ಹಾಡಿದ್ದಾರೆ. ಹಾಗೆಂದು ಪಂಢರಪುರವನ್ನು ಕೇಳಲು ಹೊರಟರೆ ಯಾರು ಒಪ್ಪಿಯಾರು?

ಈ ತೊಡಕನ್ನು ಬಾಳಿನಲ್ಲಿಯೇ ಹೊತ್ತವರು ಜಯದೇವಿತಾಯಿ ಲಿಗಾಡೆಯವರು. ಸೊಲ್ಲಾಪುರದಲ್ಲಿ ಹುಟ್ಟಿ, ಅದು ಕರ್ನಾಟಕಕ್ಕೆ ಸೇರಲೇಬೇಕೆಂದು ಹೋರಾಡಿದ ಅವರೇ ಶರಣರ ವಚನಗಳನ್ನು ಮರಾಠಿಗೆ ತಂದರು. ಸಿದ್ಧರಾಮನ ಚರಿತೆಯನ್ನು ಕನ್ನಡ ತ್ರಿಪದಿಗಳಲ್ಲಿ ರಚಿಸಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೇರಿದ ಮೊದಲ ಮಹಿಳೆಯೂ ಅವರೇ. 1986ರಲ್ಲಿ ಅವರು ಲಿಂಗೈಕ್ಯರಾದಾಗಲೂ ಸೊನ್ನಲಿಗೆ ಮಹಾರಾಷ್ಟ್ರದಲ್ಲಿಯೇ ಇತ್ತು. ಸಂಕ್ರಾಂತಿಯ ಸಂದರ್ಭದಲ್ಲಿ ಏಳು ನಂದಿಧ್ವಜಗಳು ಸಿದ್ಧರಾಮನು ಸ್ಥಾಪಿಸಿದ ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆಗೆ ಹೊರಡುವಾಗ, ಗಡಿಯ ಎರಡೂ ಕಡೆಯ ಭಕ್ತರು ಅಲ್ಲಿ ಸೇರುತ್ತಾರೆ.