ರಕ್ತದಲ್ಲಿ ಒಂದೇ ಅಚ್ಚಿನ ಪ್ರೋಟೀನು

ರಕ್ತಪರೀಕ್ಷೆಯ ವರದಿಯಲ್ಲಿ ಗ್ಲಾಬ್ಯುಲಿನ್ ಹೆಚ್ಚಾಗಿದೆ ಎಂದರೆ, ‘ಪ್ರೋಟೀನು ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೆ ಡಾಕ್ಟರೇ?’ ಎಂದು ಕೇಳುವವರುಂಟು. ಬೇಳೆಕಾಳಿನಿಂದ ಬರುವ ಪ್ರೋಟೀನಿನ ಮಾತು ಇದಲ್ಲ. ಗ್ಲಾಬ್ಯುಲಿನ್‌ನಲ್ಲಿ ದೊಡ್ಡ ಪಾಲು ಪ್ರತಿಕಾಯಗಳದು, ಅಂದರೆ ರೋಗಾಣುಗಳ ವಿರುದ್ಧ ದೇಹ ತಾನೇ ತಯಾರಿಸಿಕೊಳ್ಳುವ ಪ್ರೋಟೀನುಗಳದು.

ಇವುಗಳನ್ನು ತಯಾರಿಸುವವು ಪ್ಲಾಸ್ಮಾ ಕೋಶಗಳು. ‘ಬಿ ಲಿಂಫೋಸೈಟ್’ ಎಂಬ ಬಿಳಿ ರಕ್ತಕಣವು ರೋಗಾಣುವನ್ನು ಗುರುತಿಸಿದೊಡನೆ ಒಂದು ಹಲವಾಗುತ್ತದೆ. ಅವುಗಳಲ್ಲಿ ಕೆಲವು ಪ್ಲಾಸ್ಮಾ ಕೋಶಗಳಾಗಿ ಮೂಳೆಯ ಮಜ್ಜೆಯಲ್ಲಿ ನೆಲೆಸುತ್ತವೆ. ಒಂದು ಕೋಶ ತಯಾರಿಸುವುದು ಒಂದೇ ಬಗೆಯ ಪ್ರತಿಕಾಯವನ್ನು. ಕ್ಷಯ, ಯಕೃತ್ತಿನ ದೀರ್ಘಕಾಲದ ಕಾಯಿಲೆ ಮುಂತಾದವುಗಳಲ್ಲಿ ಅನೇಕ ಬಗೆಯ ಕೋಶಗಳು ಒಟ್ಟಿಗೆ ಕೆಲಸಕ್ಕಿಳಿಯುವುದರಿಂದ ನಾನಾ ಬಗೆಯ ಪ್ರತಿಕಾಯಗಳು ಹೆಚ್ಚುತ್ತವೆ. ಆದರೆ ಕೆಲವರಲ್ಲಿ ಒಂದೇ ಒಂದು ಕೋಶದ ವರ್ಣತಂತುಗಳಲ್ಲಿ ದೋಷವುಂಟಾಗಿ, ಅದರ ಸಂತತಿ ಮಾತ್ರ ಬೆಳೆಯತೊಡಗುತ್ತದೆ. ಆಗ ರಕ್ತದಲ್ಲಿ ಸೇರಿಕೊಳ್ಳುವುದು ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳಂತಹ ಪ್ರೋಟೀನು. ಇದೇ ‘ಎಂ ಪ್ರೋಟೀನ್’. ಎಲೆಕ್ಟ್ರೊಫೊರೆಸಿಸ್ ಪರೀಕ್ಷೆಯ ನಕ್ಷೆಯಲ್ಲಿ ಮಿಶ್ರ ಪ್ರತಿಕಾಯಗಳು ಅಗಲವಾದ ದಿಬ್ಬದಂತೆ ಕಂಡರೆ, ಇದು ಗೋಪುರದಂತೆ ಚೂಪಾಗಿ ಎದ್ದು ನಿಲ್ಲುತ್ತದೆ.

ಇಂತಹ ಕೋಶಗಳು ಎಷ್ಟೋ ವೇಳೆ ಪ್ರತಿಕಾಯದ ಒಂದು ಬಿಡಿಭಾಗವಾದ ‘ಹಗುರ ಸರಪಳಿ’ಯನ್ನು ಮಿತಿಮೀರಿ ತಯಾರಿಸುತ್ತವೆ. ಅದು ಮೂತ್ರಕ್ಕೆ ಸೋರುತ್ತದೆ, ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ 1840ರ ದಶಕದಲ್ಲೇ ರೋಗಿಯೊಬ್ಬನ ಮೂತ್ರದಲ್ಲಿ ಈ ವಿಚಿತ್ರ ವಸ್ತುವನ್ನು ಪರೀಕ್ಷಿಸಿದ್ದರು: ಕಾಯಿಸಿದರೆ ಗಟ್ಟಿಯಾಗುತ್ತಿತ್ತು, ಕುದಿಸಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಗಟ್ಟಿ! ಅದು ಹಗುರ ಸರಪಳಿಯೇ ಎಂದು ಖಚಿತವಾಗಲು 1962ರವರೆಗೆ ಕಾಯಬೇಕಾಯಿತು.

ಎಂ ಪ್ರೋಟೀನ್ ಕಂಡೊಡನೆ ಕ್ಯಾನ್ಸರ್ ಎಂದು ಎದೆಗುಂದಬೇಡಿ. ಅಮೆರಿಕದ ಮಿನೆಸೋಟದಲ್ಲಿ ನಡೆದ ಅಧ್ಯಯನದಲ್ಲಿ 50 ದಾಟಿದವರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ಇತ್ತು. ಇಂತಹವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಷ್ಟೇ ಮುಂದೆ ಮೈಲೋಮ ಅಥವಾ ಅದರ ಬಳಗದ ಕಾಯಿಲೆಗೆ ತುತ್ತಾಗುತ್ತಾರೆ. ಅವರಿಗೆ ಔಷಧಿ ಬೇಡ, ಕಾಲಕಾಲಕ್ಕೆ ಪರೀಕ್ಷೆ ಸಾಕು.

ಮೈಲೋಮವಾದರೆ ಮಾತೇ ಬೇರೆ. ಮೂಳೆ ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ. ವಯಸ್ಸಾದವರ ಬೆನ್ನುನೋವು ವಾರಗಟ್ಟಲೆ ಬಿಡದೆ ಕಾಡಿ, ಜೊತೆಗೆ ಸುಸ್ತೂ ಇದ್ದರೆ, ವಯಸ್ಸಿನ ಮೇಲೆ ತಪ್ಪು ಹೊರಿಸಿ ಅಂಗಡಿಯ ನೋವಿನ ಮಾತ್ರೆ ನುಂಗಿಸಬೇಡಿ. ಮೊದಲೇ ಸೋತ ಮೂತ್ರಪಿಂಡ ಅದರಿಂದ ಪೂರ್ತಿ ಕೈಕೊಡಬಹುದು. ಹಿಮೋಗ್ಲೋಬಿನ್, ಇ.ಎಸ್.ಆರ್., ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸಿ, ಎಲೆಕ್ಟ್ರೊಫೊರೆಸಿಸ್ ಬೇಕೇ ಎಂದು ವೈದ್ಯರನ್ನು ಕೇಳಿ. ಮೂತ್ರದಲ್ಲಿ ಅದ್ದಿ ನೋಡುವ ಮಾಮೂಲಿ ಪಟ್ಟಿಯನ್ನೇ ನಂಬಿ ಕೂರುವಂತಿಲ್ಲ. ಅದು ಮುಖ್ಯವಾಗಿ ಆಲ್ಬುಮಿನ್ ಹಿಡಿಯುತ್ತದೆಯೇ ಹೊರತು ಹಗುರ ಸರಪಳಿಯನ್ನಲ್ಲ.