ಹರಾಜಿನಲ್ಲಿ ಮೇಲಾದ ಸವಾಲನ್ನು ನಿರಾಕರಿಸಬಹುದೆ?

ಹುಣಸೆಹಣ್ಣಿನ ಕಾಲ ಬಂದಿತೆಂದರೆ ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಮರಗಳ ಫಸಲನ್ನು ಹರಾಜು ಹಾಕುವುದುಂಟು. ಅಂತಹುದೊಂದು ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಸವಾಲು ಕೂಗಿದ ರೈತರೊಬ್ಬರು ಒಂದು ಸಂಜೆ ತೊರಪಲ್ಲಿ ಅಗ್ರಹಾರದಲ್ಲಿ ನನ್ನನ್ನು ಕಂಡರು. ಸಾಲ ತಂದು ಠೇವಣಿ ಕಟ್ಟಿದ್ದರು. ಬೆಲೆ ಸಾಲದೆಂದು ಹೇಳಿ ಮಾಲೀಕರು ಫಸಲನ್ನು ಕೊಡಲೊಪ್ಪಲಿಲ್ಲವಂತೆ. “ಮೇಷ್ಟ್ರೇ, ನನ್ನದೇ ಮೇಲಿನ ಕೂಗು. ಇಲ್ಲವೆನ್ನಲು ಅವರಿಗೆ ಅಧಿಕಾರವುಂಟೆ?” ಎಂದು ಕೇಳಿದರು. ಮೂರನೆಯ ಸಲ ಕೂಗಿ ಮುಗಿಸಿದರೇ ಎಂದು ನಾನು ಕೇಳಿದೆ. “ಎರಡು ಸಲ ಕೂಗಿ ನಿಲ್ಲಿಸಿಬಿಟ್ಟರು” ಎಂದರು. ವಿಷಯದ ಮರ್ಮವೆಲ್ಲ ಆ ಮೂರನೆಯ ಕೂಗಿನಲ್ಲಿಯೇ ಇದೆ.

1930ನೆಯ ಇಸವಿಯ ಸರಕು ಮಾರಾಟ ಅಧಿನಿಯಮದ 64ನೆಯ ಪ್ರಕರಣವು ಹರಾಜಿಗೆ ಸಂಬಂಧಿಸಿದುದು. ಮರದ ಮೇಲಿನ ಕಾಯಿ ಸರಕು ಹೇಗಾದೀತೆಂದು ಚುರುಕಾದ ವಿದ್ಯಾರ್ಥಿಯು ಕೇಳಬಹುದು. ಮಾರಾಟದ ಕರಾರಿನಂತೆ ನೆಲದಿಂದ ಬೇರ್ಪಡಿಸತಕ್ಕ ಬೆಳೆಯೂ ಸರಕೇ ಎಂದು ಅದೇ ಅಧಿನಿಯಮವು ಅರ್ಥ ಹೇಳಿದೆ. ಹರಾಜುಗಾರನು ಸುತ್ತಿಗೆ ಬಡಿದಾಗ, ಅಥವಾ ರೂಢಿಯಲ್ಲಿರುವ ಬೇರೆ ವಿಧದಿಂದ ಮುಗಿಯಿತೆಂದು ಸಾರಿದಾಗ, ಮಾರಾಟ ಪೂರ್ಣವಾಗುತ್ತದೆ. ನಮ್ಮ ಊರುಗಳಲ್ಲಿ ಸುತ್ತಿಗೆಯ ಕೆಲಸವನ್ನು ಮೂರನೆಯ ಕೂಗು ಮಾಡುತ್ತದೆ. ಅಲ್ಲಿಯವರೆಗೆ ಸವಾಲು ಕೂಗಿದವನು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು.

ಏಕೆಂದರೆ ಸವಾಲೆಂಬುದು ಕೊಳ್ಳುವವನು ಮುಂದಿಟ್ಟ ಪ್ರಸ್ತಾವ ಮಾತ್ರ. ಅಂಗೀಕಾರವಿಲ್ಲದೆ ಕರಾರು ಹುಟ್ಟದು. 1789ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬನು ಮದ್ಯದ ಭಟ್ಟಿಯ ಲೋಹದ ಕೊಳವೆಯೊಂದಕ್ಕೆ 40 ಪೌಂಡು ಕೂಗಿ, ಸುತ್ತಿಗೆ ಬೀಳುವುದಕ್ಕೆ ಮೊದಲೇ ಬೇಡವೆಂದನು. ಅವನು ಬದ್ಧನಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಕೊಳ್ಳುವವನಿಗೆ ಇರುವ ಈ ಸ್ವಾತಂತ್ರ್ಯವು ಮಾರುವವನಿಗೂ ಉಂಟು. ಆದರೆ ತಾನೂ ಸವಾಲು ಕೂಗುವ ಹಕ್ಕನ್ನು ಮೊದಲೇ ಸ್ಪಷ್ಟವಾಗಿ ಸಾರದೆ, ಬೆಲೆಯೇರಿಸಲು ತನ್ನ ಕಡೆಯವನನ್ನು ಗುಂಪಿನಲ್ಲಿ ನಿಲ್ಲಿಸಿ ಕೂಗಿಸುವುದು ಕಾನೂನಿಗೆ ವಿರುದ್ಧ. ಅಂತಹ ಮಾರಾಟವನ್ನು ಕೊಂಡವನು ವಂಚನೆಯೆಂದು ಎಣಿಸಬಹುದು. ಈ ಆಟವನ್ನು ಸಂತೆಯಲ್ಲಿ ಕಾಣದವರು ಯಾರಿದ್ದಾರೆ!

ಮೂರನೆಯ ಕೂಗಾದ ಮೇಲೆ ಮಾರುವವನು ಹಿಂಜರಿದರೆ ಕರಾರು ಮುರಿದಂತೆ; ಕೊಂಡವನು ನಷ್ಟಪರಿಹಾರ ಕೇಳಬಹುದು. ಆದರೆ ಕರಾರು ಮುಗಿದೊಡನೆ ವಸ್ತು ಕೊಂಡವನದಾಯಿತೆಂದು ತಿಳಿಯಬಾರದು. ಬೆಂಗಳೂರಿನ ಕಾಫಿ ಮಂಡಲಿಯು ಹಿಂದೆ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಹರಾಜು ಹಾಕುತ್ತಿತ್ತು. ಅದಕ್ಕೂ ಕನ್ಸಾಲಿಡೇಟೆಡ್ ಕಾಫಿ ಕಂಪೆನಿಗೂ ತೆರಿಗೆಯ ವಿಷಯದಲ್ಲಿ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ ಈ ಭೇದವನ್ನು ಬಿಡಿಸಿ ಹೇಳಿತು: ಸುತ್ತಿಗೆಯಿಂದ ಪೂರ್ಣವಾಗುವುದು ಕರಾರು, ಒಡೆತನ ಯಾವಾಗ ಕೈಬದಲಾಯಿತೆಂಬುದನ್ನು ಹರಾಜಿನ ಷರತ್ತುಗಳನ್ನು ನೋಡಿ ನಿರ್ಣಯಿಸಬೇಕು.

ಷರತ್ತುಗಳ ಕಾಗದವನ್ನು ನಮ್ಮ ಜನ ಓದುವುದೇ ಇಲ್ಲ. ಸರ್ಕಾರಿ ಹರಾಜಿನಲ್ಲಿ ಮೇಲಧಿಕಾರಿಯು ಸ್ಥಿರಪಡಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಮೂರು ಸಲ ಕೂಗಿದರೂ ಕರಾರು ಆಗಿರುವುದಿಲ್ಲ. ಒರಿಸ್ಸಾದ ಮದ್ಯದಂಗಡಿಗಳ ಹರಾಜಿನ ವ್ಯಾಜ್ಯದಲ್ಲಿ, ಹೆಚ್ಚಿನ ಸವಾಲನ್ನೂ ನಿರಾಕರಿಸುವ ಅಧಿಕಾರ ಸರ್ಕಾರಕ್ಕುಂಟೆಂದು 1972ರಲ್ಲಿ ತೀರ್ಪಾಯಿತು. ಹಾಗಾದರೂ ಸಂವಿಧಾನದ 14ನೆಯ ಅನುಚ್ಛೇದವಿರುವುದರಿಂದ ಸರ್ಕಾರವು ಮನಬಂದಂತೆ ನಡೆಯಲಾಗದು. ಖಾಸಗಿ ಮಾಲೀಕನಿಗೆ ಈ ಕಟ್ಟಿಲ್ಲ.

ಕನಿಷ್ಠ ಬೆಲೆಯ ಮಿತಿಯಿಲ್ಲದೆ ಮಾರುವೆವೆಂದು ಮೊದಲೇ ಸಾರಿದ್ದರೆ ಮಾತು ಬೇರೆ. ಇಂಗ್ಲೆಂಡಿನಲ್ಲಿ ಹಾಗೆ ಸಾರಿ ಎರಡು ಯಂತ್ರಗಳನ್ನು ಹರಾಜಿಗಿಟ್ಟಿದ್ದರು. ಒಬ್ಬನು ತಲಾ 200 ಪೌಂಡು ಕೂಗಿದನು. ಹರಾಜುಗಾರನು ಬೆಲೆ ಕಡಿಮೆಯೆಂದು ಯಂತ್ರಗಳನ್ನು ಹಿಂತೆಗೆದನು; 2000ದಲ್ಲಿ ಮೇಲಿನ ನ್ಯಾಯಾಲಯವು ಕೂಗಿದವನಿಗೆ 27,600 ಪೌಂಡು ಪರಿಹಾರವನ್ನು ಎತ್ತಿಹಿಡಿಯಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕದು.

ನಮ್ಮ ರೈತರಿಗೆ ಅಂತಹ ವಾಗ್ದಾನವೂ ಸಿಕ್ಕಿರಲಿಲ್ಲ. ಫಸಲು ಕೇಳುವ ಹಕ್ಕು ಅವರಿಗಿಲ್ಲ, ಠೇವಣಿಯನ್ನು ಪೂರ್ತಿ ಹಿಂದಕ್ಕೆ ಪಡೆಯುವ ಹಕ್ಕುಂಟು ಎಂದು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಅರ್ಜಿ ಬರೆದುಕೊಟ್ಟೆ. ಹಣ ಬಂದಿತು. ಅಷ್ಟು ದಿನಗಳ ಬಡ್ಡಿ ಮಾತ್ರ ಅವರ ಕೈಯಿಂದಲೇ ಹೋಯಿತು.