ಕೆಂಚನ ಉಗುರು

ಕೆಂಚ ನಮ್ಮ ಬಾಡಿಗೆ ಮನೆಯ ನಾಲ್ಕನೇ ಸದಸ್ಯ. ಹೋದ ಸೆಮಿಸ್ಟರ್‌ನಲ್ಲಿ, ಸರಿಯಾಗಿ ಇಂಟರ್ನಲ್ಸ್ ಟೈಮಲ್ಲೇ, ಎಡ ಮುಂಗಾಲು ಎತ್ತಿಕೊಂಡು ಕುಂಟೋಕೆ ಶುರು ಮಾಡಿದ. ಮುಳ್ಳು ಚುಚ್ಚಿರಬೇಕು ಅಂತ ಅಂಗಾಲೆಲ್ಲ ಹುಡುಕಿದೆವು, ಏನೂ ಸಿಗಲಿಲ್ಲ. ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಮೇಡಂ ಕಾಲಿನ ಒಳಬದಿಯ ಕೂದಲು ಸರಿಸಿ ತೋರಿಸಿದರು. ನೆಲಕ್ಕೆ ತಾಗದೆ ಸ್ವಲ್ಪ ಮೇಲೆ, ನಮ್ಮ ಹೆಬ್ಬೆರಳಿನ ಹಾಗೆ ಒಂದು ಬೆರಳಿರುತ್ತದಲ್ಲ, ಅದರ ಉಗುರು ಉಂಗುರದಂತೆ ಸುತ್ತಿಕೊಂಡು ಚರ್ಮದೊಳಗೆ ಇಳಿದಿತ್ತು. “ಎಷ್ಟು ದಿನ ಆಯ್ತಪ್ಪ ಇದನ್ನ ನೋಡಿ?” ಅಂದರು. ನಮ್ಮ ಮೂವರಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ದಿನಾ ತಲೆ ಸವರುತ್ತಿದ್ದೆವು, ಕಾಲು ಮಾತ್ರ ಯಾವತ್ತೂ ನೋಡಿರಲಿಲ್ಲ.

ಹಾಗೆ ಮಾಂಸಕ್ಕೆ ಇಳಿದ ಉಗುರನ್ನು ಮನೆಯಲ್ಲಿ ಮುಟ್ಟಲೇಬಾರದು, ಅದು ಡಾಕ್ಟರ ಕೆಲಸ. ಆದರೆ ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳೋದು ನಮ್ಮ ಕೈಯಲ್ಲಿದೆ. ಡಾಂಬರು ರಸ್ತೆಯಲ್ಲಿ ಓಡಾಡುವ ನಾಯಿಯ ಉಗುರು ತಾನಾಗಿಯೇ ಸವೆಯುತ್ತದೆ. ಟೈಲ್ಸ್ ಮೇಲೆ ಮಲಗಿರೋ ಕೆಂಚನಂಥವರದು ಸವೆಯೋದಿಲ್ಲ. ನಡೆಯುವಾಗ ಟಕ್ ಟಕ್ ಸದ್ದು ಕೇಳ್ತಿದ್ರೆ ಉಗುರು ಉದ್ದವಾಗಿದೆ ಅಂತಲೇ ಅರ್ಥ. ಪ್ರತಿ ಹೆಜ್ಜೆಗೂ ನೆಲ ಆ ಉಗುರನ್ನು ಹಿಂದಕ್ಕೆ ತಳ್ಳುತ್ತದೆ. ಉಗುರೇ ಲಿವರ್, ಭಾರ ಬೀಳೋದು ಬೆರಳಿನ ಕೀಲಿಗೆ. ಆ ಹೆಬ್ಬೆರಳಿನ ಉಗುರಂತೂ ನೆಲವನ್ನೇ ಮುಟ್ಟೋದಿಲ್ಲ, ಸದ್ದೂ ಮಾಡೋದಿಲ್ಲ. ಅದನ್ನ ಕಣ್ಣಿಂದಲೇ ನೋಡಬೇಕು.

ಇನ್ನು ನಾವು ಮಾಡಿದ ತಪ್ಪು. ಡಾಕ್ಟರ್ ಹತ್ತಿರ ಹೋಗಿಬಂದ ಉತ್ಸಾಹದಲ್ಲಿ ನಮ್ಮದೇ ನೇಲ್ ಕಟರ್ ತಗೊಂಡು ಕೂತೆವು. ಒಬ್ಬ ಹಿಡಿದ, ಒಬ್ಬ ಟಾರ್ಚ್ ಬಿಟ್ಟ, ಒಬ್ಬ ಒಂದೇ ಏಟಿಗೆ ಅರ್ಧ ಉಗುರು ಕತ್ತರಿಸಿದ. ಕೆಂಚ ಕಿರುಚಿದ, ನೆಲವೆಲ್ಲ ರಕ್ತ. ಆಮೇಲೆ ಎರಡು ವಾರ, ಆ ಡಬ್ಬಿ ತೆಗೆದರೆ ಸಾಕು, ಮಂಚದ ಕೆಳಗೆ ಹೋಗಿ ಕೂರುತ್ತಿದ್ದ.

ನಮಗೆ ಗೊತ್ತಿಲ್ಲದ ವಿಷಯ ಇಷ್ಟೇ. ಉಗುರಿನ ಹೊರಭಾಗ ಬರೀ ಕೆರಾಟಿನ್, ಕತ್ತರಿಸಿದರೆ ನೋವಿಲ್ಲ. ಅದರೊಳಗೆ ರಕ್ತನಾಳ, ನರ ಎರಡೂ ಇರುವ ಜೀವಂತ ಭಾಗವೊಂದಿದೆ, ಕ್ವಿಕ್ ಅಂತಾರೆ. ಉಗುರು ಉದ್ದ ಬಿಟ್ಟಷ್ಟೂ ಇದೂ ಜೊತೆಗೇ ಮುಂದೆ ಬಂದಿರುತ್ತದೆ. ಆದ್ದರಿಂದ ತುಂಬಾ ಬೆಳೆದ ಉಗುರನ್ನು ಒಂದೇ ದಿನ ಗಿಡ್ಡ ಮಾಡೋಕಾಗಲ್ಲ. ವಾರಕ್ಕೊಮ್ಮೆ ತುದಿ ತೆಗೆಯುತ್ತಾ ಹೋದರೆ ಕ್ವಿಕ್ ನಿಧಾನವಾಗಿ ಹಿಂದೆ ಸರಿಯುತ್ತದೆ. ಇನ್ನು ಮನುಷ್ಯರ ಕಟರ್ ಚಪ್ಪಟೆ ಉಗುರಿಗೆ ಮಾಡಿದ್ದು. ನಾಯಿಯ ಉಗುರು ದುಂಡಗಿರುತ್ತದೆ, ಅದರಲ್ಲಿಟ್ಟು ಒತ್ತಿದರೆ ಜಜ್ಜಿ ಸೀಳುತ್ತದೆ. ಪೆಟ್ ಅಂಗಡಿಯಲ್ಲಿ ಕತ್ತರಿಯಂತೆ ಹಿಡಿಯುವ, ಬ್ಲೇಡ್ ಬಾಗಿರುವ ಕ್ಲಿಪ್ಪರ್ ಸಿಗುತ್ತದೆ. ಹರಿತವಾಗಿರಲಿ, ಮೊಂಡು ಬ್ಲೇಡೂ ಜಜ್ಜೋದೇ.

ಬಿಳಿ ಉಗುರಾದರೆ ಕೆಲಸ ಸುಲಭ. ಒಳಗಿನ ಗುಲಾಬಿ ಬಣ್ಣ ಹೊರಗಿಂದಲೇ ಕಾಣುತ್ತೆ, ಅದಕ್ಕೆ 2 ಮಿ.ಮೀ. ಮೊದಲೇ ನಿಲ್ಲಿಸಿದರಾಯ್ತು. ಕೆಂಚನದು ಕಪ್ಪು ಉಗುರು, ಹೊರಗಿಂದ ಏನೂ ಕಾಣಲ್ಲ. ಫಸ್ಟ್ ಇಯರ್ ವರ್ಕ್‌ಶಾಪಲ್ಲಿ ಲೇತ್ ಮುಂದೆ ನಿಲ್ಲಿಸಿ ಹೇಳಿದ್ದು ನೆನಪಿದೆಯಾ, ಡೆಪ್ತ್ ಆಫ್ ಕಟ್ ಕಮ್ಮಿ ಇಡಿ, ಪ್ರತಿ ಸಲ ಅಳತೆ ನೋಡಿ ಅಂತ? ಇಲ್ಲೂ ಅದೇ. ಒಂದು ಸಲಕ್ಕೆ 1 ಮಿ.ಮೀ. ಮಾತ್ರ ತೆಗೆಯಿರಿ. ತೆಗೆದ ಮೇಲೆ ಪಾದವನ್ನು ಮೆಲ್ಲಗೆ ಮಡಚಿ, ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಮೊದಮೊದಲು ಒಣಗಿದ ಸೀಮೆಸುಣ್ಣದ ತುದಿಯ ಹಾಗೆ ಕಾಣುತ್ತದೆ. ಇನ್ನೊಂದೆರಡು ಸಲ ತೆಗೆದಾಗ ನಡುವೆ ಒಂದು ಕಪ್ಪು ಅಥವಾ ಬೂದು ಚುಕ್ಕಿ ಮೂಡುತ್ತದೆ. ಅಲ್ಲಿಗೆ ನಿಲ್ಲಿಸಿ. ಚುಕ್ಕಿಯ ಹಿಂದೆಯೇ ಕ್ವಿಕ್ ಇದೆ. “ಇನ್ನೊಂಚೂರು” ಅನ್ನೋ ಆಸೆಗೇ ರಕ್ತ ಬರೋದು, ನಮ್ಮ ಅನುಭವದ ಮಾತು.

ಕತ್ತರಿಸುವುದಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಹೆದರಿದ ನಾಯಿಯನ್ನು ಮತ್ತೆ ಒಪ್ಪಿಸೋಕೆ. ನಾಲ್ಕು ದಿನ ಬರೀ ಪಾದ ಮುಟ್ಟಿ, ಬೇಯಿಸಿದ ಮೊಟ್ಟೆಯ ಚೂರು ಕೊಟ್ಟೆವು. ಆಮೇಲೆ ಕ್ಲಿಪ್ಪರನ್ನು ನೆಲದ ಮೇಲಿಟ್ಟು, ಮೂಸಿದರೆ ಮೊಟ್ಟೆ. ಆಮೇಲೆ ಅದರ ಕ್ಲಿಕ್ ಸದ್ದಿಗೆ ಮೊಟ್ಟೆ. ಮೂರನೇ ವಾರದಲ್ಲಿ ಒಂದು ಉಗುರು, ಒಂದೇ. ತುಟಿ ನೆಕ್ಕೋದು, ಸುಮ್ಮಸುಮ್ಮನೆ ಆಕಳಿಸೋದು, ಮುಖ ತಿರುಗಿಸಿ ಓರೆಗಣ್ಣಲ್ಲಿ ನೋಡೋದು, ಮೈ ಬಿಗಿ ಮಾಡೋದು, ಇವೆಲ್ಲ ಅದು ‘ಸಾಕು’ ಅನ್ನೋ ರೀತಿ. ಗುರ್ ಅನ್ನೋವರೆಗೂ ಕಾಯಬೇಡಿ. ಮೂವರು ಸೇರಿ ಅದುಮಿ ಹಿಡಿಯೋದಂತೂ ಬೇಡವೇ ಬೇಡ.

ಆದರೂ ರಕ್ತ ಬಂತು ಅಂದ್ಕೊಳ್ಳಿ. ಗಾಬರಿ ಬೇಡ, ಮೊದಲೇ ಒಂದು ಬಟ್ಟಲಲ್ಲಿ ಕಾರ್ನ್‌ಫ್ಲೋರ್ ತೆಗೆದಿಟ್ಟಿರಿ. ಉಗುರಿನ ತುದಿಗೆ ಅದನ್ನು ಒತ್ತಿ ಒಂದೆರಡು ನಿಮಿಷ ಬಿಡದೆ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಕ್ಷೌರದಂಗಡಿಯ ಪಟಿಕವೂ ರಕ್ತ ನಿಲ್ಲಿಸುತ್ತದೆ, ಆದರೆ ಉರಿಯುತ್ತದೆ. ಇಪ್ಪತ್ತು ನಿಮಿಷವಾದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಓಡಿ. ನೋವಿಗೆ ಅಂತ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ, ನಾಯಿಗೆ ಅವು ವಿಷವಾಗಬಹುದು.

ಕ್ಯಾಂಟೀನ್ ಹತ್ತಿರದ ನಾಯಿಗಳ ಮೇಲೆ ದಯವಿಟ್ಟು ಪ್ರ್ಯಾಕ್ಟೀಸ್ ಮಾಡೋಕೆ ಹೋಗಬೇಡಿ. ಅವಕ್ಕೆ ರೇಬೀಸ್ ಲಸಿಕೆ ಆಗಿದೆಯೋ ಇಲ್ಲವೋ ನಮಗೆ ತಿಳಿಯದು. ಯಾವ ನಾಯಿ ಕಚ್ಚಿದರೂ, ಪರಚಿದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಕ್ಲಾಸ್ ಇದೆ, ಲ್ಯಾಬ್ ಇದೆ ಅಂತ ಮುಂದಕ್ಕೆ ಹಾಕಬೇಡಿ.

ಈಗ ಭಾನುವಾರ ಬೆಳಿಗ್ಗೆ, ವಾಕಿಂಗ್ ಮುಗಿಸಿ ಕೆಂಚ ಸುಸ್ತಾಗಿ ಮಲಗಿದಾಗ, ನಾವು ಡಬ್ಬಿ ತೆಗೆಯುತ್ತೇವೆ. ಮುಂಗಾಲೆರಡನ್ನೂ ಕೊಡ್ತಾನೆ. ಹಿಂಗಾಲಲ್ಲಿ ಎರಡು ಉಗುರು ಆಗುತ್ತಿದ್ದಂತೆ ಎದ್ದು ಬಾಗಿಲ ಹತ್ತಿರ ಹೋಗಿ ಕೂರ್ತಾನೆ. ಉಳಿದದ್ದು ಬುಧವಾರಕ್ಕೆ.